ಬೇನೆಯ ಹೊತ್ತಿನಲ್ಲಿ ಜೊತೆಗೆ ಯಾರು?



ಹೆರಿಗೆ ನೋವಿನ ಬಗ್ಗೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಮಗ ಎದುರು ಮಾತಾಡಿದಾಗ ತಾಯಿ ಅದನ್ನು ನೆನಪಿಸುತ್ತಾಳೆ. ಸಿನಿಮಾದಲ್ಲಿ ನಾಯಕಿ ಒಂದು ಸಲ ಚೀರುತ್ತಾಳೆ, ಮರುಗಳಿಗೆ ಮಗು ಅಳುತ್ತದೆ. ಆದರೆ ಚೊಚ್ಚಲ ಬಸುರಿ ಹುಡುಗಿಯೊಬ್ಬಳು ಅಮ್ಮನ ಹತ್ತಿರವೋ ಅತ್ತಿಗೆಯ ಹತ್ತಿರವೋ 'ಅದು ನಿಜವಾಗಿ ಹೇಗಿರುತ್ತೆ?' ಎಂದು ಕೇಳಿ ನೋಡಲಿ. 'ಆಗ ತಾನೇ ಗೊತ್ತಾಗುತ್ತೆ ಬಿಡು' ಅನ್ನುತ್ತಾರೆ, ಇಲ್ಲವೇ 'ಸತ್ತು ಹುಟ್ಟಿದ ಹಾಗೆ' ಅನ್ನುತ್ತಾರೆ. ಒಂದು ಉತ್ತರದಿಂದ ಅವಳಿಗೆ ಏನೂ ತಿಳಿಯುವುದಿಲ್ಲ, ಇನ್ನೊಂದರಿಂದ ನಿದ್ದೆ ಹೋಗುತ್ತದೆ. ನಾನು ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಕೆಲಸ ಮಾಡಿ ನಿವೃತ್ತಳಾದವಳು, ಮಕ್ಕಳನ್ನು ಹೆತ್ತವಳು ಕೂಡ. ಆ ಹುಡುಗಿಗೆ ಕೊಡಬೇಕಾದ ಉತ್ತರವನ್ನು ಇವತ್ತು ಕೊಡಬೇಕೆಂದಿದ್ದೇನೆ.

ಮೊದಲು ಒಂದು ಸುಳ್ಳನ್ನು ಪಕ್ಕಕ್ಕಿಡೋಣ. 20 ಮೂಳೆಗಳು ಒಟ್ಟಿಗೆ ಮುರಿದಷ್ಟು ನೋವು ಹೆರಿಗೆಯಲ್ಲಿ ಆಗುತ್ತದೆ, ಮನುಷ್ಯನ ದೇಹ ತಡೆಯುವುದು 45 ಅಂಕ, ಹೆರಿಗೆಯಲ್ಲಿ ಬರುವುದು 57 ಅಂಕ ಎಂಬ ಸಂದೇಶವೊಂದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುತ್ತದೆ. ಅದಕ್ಕೆ ಯಾವ ಆಧಾರವೂ ಇಲ್ಲ. ನೋವನ್ನು ಅಳೆಯುವ ಪ್ರಯತ್ನವೇನೋ ನಡೆದಿತ್ತು. 1940ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಚರ್ಮದ ಮೇಲೆ ಶಾಖ ಬಿಟ್ಟು, ಅದರ ಉರಿಗೂ ಬೇನೆಗೂ ಹೋಲಿಸಿ ಹೇಳಿ ಎಂದು ಹೆರುವ ಹೆಂಗಸರನ್ನೇ ಕೇಳಿದ್ದರು. 'ಡಾಲ್' ಎಂಬ ಅವರ ಅಳತೆಯ ಕಟ್ಟಕಡೆಯ ಮಟ್ಟವೇ ಹತ್ತೂವರೆ. ಹೀಗಿರುವಾಗ 57 ಎಲ್ಲಿಂದ ಬರಬೇಕು? ತಾಯಂದಿರನ್ನು ಹೊಗಳುವ ಭರದಲ್ಲಿ ಇಂಥದ್ದನ್ನು ಹಂಚುವವರು, ಎಂಟು ತಿಂಗಳ ಬಸುರಿಯೊಬ್ಬಳು ರಾತ್ರಿ ಒಬ್ಬಳೇ ಕೂತು ಅದನ್ನು ಓದುತ್ತಾಳೆ ಎಂಬುದನ್ನು ನೆನೆಯಬೇಕು.

ಹಾಗಂತ ಅದು ಸಣ್ಣ ನೋವಲ್ಲ. ಬಹಳ ಹೆಂಗಸರಿಗೆ ಬದುಕಿನಲ್ಲಿ ಬಂದ ನೋವುಗಳಲ್ಲೆಲ್ಲ ಅದೇ ದೊಡ್ಡದು. ಕೆಲವರಿಗೆ ಮಾತ್ರ ಅಂದುಕೊಂಡದ್ದಕ್ಕಿಂತ ಹಗುರವಾಗಿ ಕಳೆದುಹೋಗುತ್ತದೆ. ಅಕ್ಕನಿಗೆ ಆದ ಹಾಗೆ ತಂಗಿಗೆ ಆಗುವುದಿಲ್ಲ. ಒಬ್ಬಳಿಗೇ ಮೊದಲನೆಯದು ಒಂಥರಾ, ಎರಡನೆಯದು ಇನ್ನೊಂಥರಾ. ಆದರೂ ಬೇನೆ ಬರುವ ದಾರಿ ಹೆಚ್ಚುಕಡಿಮೆ ಒಂದೇ. ಆ ದಾರಿ ಗೊತ್ತಿದ್ದರೆ ನಡೆಯುವುದು ಸ್ವಲ್ಪ ಸುಲಭ.

ಶುರುವಿಗೆ ಮುಟ್ಟಿನ ನೋವಿನ ಹಾಗೆ ಕಿಬ್ಬೊಟ್ಟೆಯಲ್ಲಿ ಸೆಳೆತ, ಸೊಂಟದಲ್ಲಿ ಭಾರ. ಕೆಲವರಿಗೆ ಬೆನ್ನಿನ ಬುಡದಲ್ಲಿ ಹುಟ್ಟಿ, ಎರಡೂ ಪಕ್ಕದಿಂದ ಸುತ್ತಿಕೊಂಡು ಮುಂದಕ್ಕೆ ಬಂದು, ತೊಡೆಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಹೊಟ್ಟೆ ಮುಟ್ಟಿದರೆ ಕಲ್ಲಾಗಿರುತ್ತದೆ. ಗರ್ಭಕೋಶದ ಸ್ನಾಯು ಬಿಗಿದು, ಮುಚ್ಚಿಕೊಂಡಿರುವ ತನ್ನ ಬಾಯನ್ನು ತಾನೇ ಮೇಲಕ್ಕೆಳೆದು ತೆರೆಯುತ್ತಿರುತ್ತದೆ. 10 ಸೆಂಟಿಮೀಟರ್ ತೆರೆದರೆ ಮಗುವಿನ ತಲೆಗೆ ದಾರಿಯಾಯಿತು. ಮೊದಲ ಕೆಲವು ಸೆಂಟಿಮೀಟರು ನಿಧಾನ. ಚೊಚ್ಚಲಿನಲ್ಲಿ ಅಷ್ಟಕ್ಕೇ ಒಂದು ಹಗಲು, ಒಂದು ರಾತ್ರಿ ಹಿಡಿದರೂ ಹಿಡಿಯಬಹುದು. ಐದು ಸೆಂಟಿಮೀಟರಿನ ಮೇಲೆ ಬೇನೆಗೆ ಬಿರುಸು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಅಲ್ಲಿಂದ ಪೂರ್ತಿ ತೆರೆಯುವವರೆಗೆ ಚೊಚ್ಚಲಿನಲ್ಲಿ ಸಾಮಾನ್ಯವಾಗಿ 12 ಗಂಟೆ ದಾಟುವುದಿಲ್ಲ, ಆಮೇಲಿನ ಹೆರಿಗೆಗಳಲ್ಲಿ 10 ಗಂಟೆ. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಎಂದೂ ಅದರಲ್ಲಿ ಹೇಳಿದೆ. ಇದನ್ನು ಬಸುರಿಯರಿಗಿಂತ ಹೆಚ್ಚಾಗಿ ಹೊರಗೆ ಕಾಯುತ್ತ 'ಇನ್ನೂ ಆಗಿಲ್ವಾ, ಇನ್ನೂ ಆಗಿಲ್ವಾ' ಎಂದು ಕೇಳುವವರು ತಿಳಿದುಕೊಂಡರೆ ಒಳ್ಳೆಯದು.

ಸುಳ್ಳು ನೋವು ಬೇರೆ, ನಿಜವಾದ ಬೇನೆ ಬೇರೆ. ಸುಳ್ಳು ನೋವು ಬಂದ ಹಾಗೆ ಬಂದು, ಎದ್ದು ಓಡಾಡಿದರೆ, ಬಿಸಿನೀರು ಹುಯ್ದುಕೊಂಡರೆ ಅಡಗುತ್ತದೆ. ನಿಜವಾದದ್ದು ಏನು ಮಾಡಿದರೂ ಅಡಗದೆ ಹತ್ತಿರ ಹತ್ತಿರವಾಗುತ್ತ, ಉದ್ದವಾಗುತ್ತ ಹೋಗುತ್ತದೆ. ನಮ್ಮ ಅಜ್ಜಿಯರು ಬಸುರಿಗೆ ಜೀರಿಗೆ ಕಷಾಯ ಕುಡಿಸಿ ಕಾದು ನೋಡುತ್ತಿದ್ದರು. ಹೋದರೆ ಸುಳ್ಳು, ಏರಿದರೆ ನಿಜ ಎಂಬ ಲೆಕ್ಕ. ಕಷಾಯಕ್ಕಿಂತ ಆ ಕಾದು ನೋಡುವ ತಾಳ್ಮೆ ದೊಡ್ಡದೆಂದು ನನಗನ್ನಿಸುತ್ತದೆ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಮಾತು. ಹಲ್ಲುನೋವಿನ ಹಾಗೆ, ಮೂಳೆ ಮುರಿದ ನೋವಿನ ಹಾಗೆ ಹೆರಿಗೆ ಬೇನೆ ಒಂದೇ ಸಮ ಕೊರೆಯುವುದಿಲ್ಲ. ಅದಕ್ಕೆ ಬಿಡುವಿದೆ. ಬಿರುಸಿನ ಹೊತ್ತಿನಲ್ಲಿ 10 ನಿಮಿಷಕ್ಕೆ ಮೂರೋ ನಾಲ್ಕೋ ಸಲ ಬರುತ್ತದೆ, ಒಂದೊಂದೂ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ಮೆಲ್ಲಗೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ, ಕಷ್ಟದ ಗಂಟೆಯಲ್ಲೂ ಅರ್ಧಕ್ಕಿಂತ ಹೆಚ್ಚು ಹೊತ್ತು ಬೇನೆ ಇರುವುದಿಲ್ಲ. ನೋವನ್ನು ಚೆನ್ನಾಗಿ ನಿಭಾಯಿಸಿದ ಹೆಂಗಸರನ್ನು ನೋಡಿದ್ದೇನೆ. ಅವರೇನೂ ಹೆಚ್ಚು ಗಟ್ಟಿಗಿತ್ತಿಯರಲ್ಲ. ಬಿಡುವು ಸಿಕ್ಕಾಗ ಅದನ್ನು ಪೂರ್ತಿ ತೆಗೆದುಕೊಂಡವರು, ಅಷ್ಟೆ. ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ನೆನಪಾಗುತ್ತಾಳೆ. ಬೇನೆ ಬಂದಾಗ ಮಂಚದ ಕಂಬಿ ಹಿಡಿದು, ಮೊಣಕಾಲು ಸ್ವಲ್ಪ ಮಡಿಸಿ, ಸೊಂಟವನ್ನು ಆಚೆಗೂ ಈಚೆಗೂ ತೂಗುತ್ತ 'ಬಂತು... ಬಂತು...' ಅನ್ನುತ್ತಿದ್ದಳು. ಇಳಿಯುತ್ತಿದ್ದ ಹಾಗೆ 'ಹೋಯ್ತು' ಎಂದು ಗೋಡೆಗೆ ಒರಗುತ್ತಿದ್ದಳು. ಎರಡು ನಿಮಿಷದ ಬಿಡುವಿನಲ್ಲಿ ಅವಳಿಗೆ ನಿದ್ದೆ ಹತ್ತಿ, ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆಯೂ ಬರುತ್ತಿತ್ತು. ಮತ್ತೆ ಎಚ್ಚರ, ಮತ್ತೆ 'ಬಂತು'. ಪಕ್ಕದ ಮಂಚದ ಹುಡುಗಿ ಬಿಡುವಿನಲ್ಲೂ ಹಲ್ಲು ಕಚ್ಚಿ, ಮುಂದಿನದು ಯಾವಾಗ ಬರುತ್ತದೋ ಎಂದು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಇಬ್ಬರಿಗೂ ಬೇನೆ ಬರುತ್ತಿದ್ದದ್ದು ಅಷ್ಟಷ್ಟೇ ಹೊತ್ತಿಗೆ. ದಣಿದದ್ದು ಮಾತ್ರ ಗಡಿಯಾರ ನೋಡುತ್ತಿದ್ದವಳು.

ಎಂಟು ಒಂಬತ್ತು ಸೆಂಟಿಮೀಟರಿಗೆ ಬಂದಾಗ ಒಂದು ಘಟ್ಟವಿದೆ. ಬಿಡುವು ಕಿರಿದಾಗುತ್ತದೆ. ಮೈ ನಡುಗುತ್ತದೆ, ವಾಂತಿಯಾಗುತ್ತದೆ, ಚಳಿ ಅನ್ನುವವಳು ಮರುಕ್ಷಣ ಸೆಕೆ ಅನ್ನುತ್ತಾಳೆ. ಅಲ್ಲಿಯವರೆಗೆ ಸಮಾಧಾನವಾಗಿದ್ದವಳು ಕೂಡ 'ನನ್ನ ಕೈಲಾಗಲ್ಲ, ಮನೆಗೆ ಕಳಿಸಿಬಿಡಿ', 'ಹೊಟ್ಟೆ ಕೊಯ್ದಾದರೂ ತೆಗೀರಿ' ಎಂದು ಅಂಗಲಾಚುವುದು ಇಲ್ಲೇ. ಮನೆಯವರು ಗಾಬರಿಯಾಗುತ್ತಾರೆ. ಅನುಭವವಿದ್ದ ದಾದಿಗೆ ಮಾತ್ರ ಆ ಮಾತು ಕೇಳಿದೊಡನೆ ಧೈರ್ಯ ಬರುತ್ತದೆ, ಏಕೆಂದರೆ ಹೆಚ್ಚಿನ ಸಲ ಅದು ಮಗು ಹತ್ತಿರವಾದ ಗುರುತು. ಆಗ ಅವಳಿಗೆ ಬುದ್ಧಿವಾದ ಬೇಡ. ಮುಖ ಹತ್ತಿರ ತಂದು, ಕಣ್ಣಲ್ಲಿ ಕಣ್ಣಿಟ್ಟು, 'ಆಗೋಯ್ತು ಕಣವ್ವ, ಇದೊಂದು ದಾಟಿಬಿಡು' ಅಂದರೆ ಸಾಕು.

ಬಾಯಿ ಪೂರ್ತಿ ತೆರೆದ ಮೇಲೆ ನೋವಿನ ಬಣ್ಣವೇ ಬದಲಾಗುತ್ತದೆ. ಅಲ್ಲಿಯವರೆಗೆ ಇಲ್ಲಿ ಎಂದು ಬೆರಳಿಟ್ಟು ತೋರಿಸಲಾಗದ ನೋವು ಅದು, ಹೊಟ್ಟೆಯೊಳಗಿನ ಅಂಗದ್ದು. ಈಗಿನದು ಯೋನಿದ್ವಾರದ ಸುತ್ತಿನ ನರಗಳದ್ದು, ಚುರುಕಾದ, ಜಾಗ ಗೊತ್ತಾಗುವ ನೋವು. ಅದರ ಜೊತೆಗೆ ಸಂಡಾಸಿಗೆ ಬಂದ ಹಾಗೆ ತಡೆಯಲಾಗದ ಒತ್ತಡ. ಅದೆಷ್ಟು ಹುಡುಗಿಯರು ನಾಚಿಕೆಯಿಂದ 'ಸಿಸ್ಟರ್, ನಾನು ಹೊರಗೆ ಹೋಗಬೇಕು' ಎಂದು ಮಂಚ ಇಳಿಯಲು ನೋಡಿದ್ದಾರೋ! ಅದು ಮಗುವಿನ ತಲೆ ಗುದನಾಳವನ್ನು ಒತ್ತುವುದರಿಂದ ಆಗುವುದು ಎಂದು ಮೊದಲೇ ಯಾರಾದರೂ ಹೇಳಿದ್ದರೆ ಆ ನಾಚಿಕೆಯಾದರೂ ತಪ್ಪುತ್ತಿತ್ತು. ಮುಕ್ಕುವುದು ಶುರುವಾದರೆ ಅನೇಕರಿಗೆ ಹಾಯೆನಿಸುತ್ತದೆ. ಸುಮ್ಮನೆ ಸಹಿಸುತ್ತಿದ್ದವಳಿಗೆ ಈಗ ಮಾಡಲು ಒಂದು ಕೆಲಸ ಸಿಕ್ಕಿತಲ್ಲ. ತಲೆ ಹೊರಬರುವ ಆ ಕೆಲವು ಕ್ಷಣ ಬೆಂಕಿ ಮುಟ್ಟಿದ ಹಾಗೆ ಉರಿಯುತ್ತದೆ. ಅಲ್ಲಿ ಮುಕ್ಕುವುದನ್ನು ಬಿಟ್ಟು, ನಾಯಿ ತೇಕುವ ಹಾಗೆ ಸಣ್ಣ ಸಣ್ಣ ಉಸಿರು ತೆಗೆದರೆ ಚರ್ಮ ಹರಿಯುವುದು ಕಡಿಮೆ.

ಹೆದರಿಕೆ ನೋವನ್ನು ಹೆಚ್ಚಿಸುತ್ತದೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಭಯಪಟ್ಟ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಅದು ಹೆರಿಗೆಯನ್ನು ನಡೆಸುವ ಆಕ್ಸಿಟೋಸಿನ್‌ಗೆ ಅಡ್ಡಬರುತ್ತದೆ. ಸ್ನಾಯು ಬಿಗಿಯುತ್ತದೆ, ನೋವು ಏರುತ್ತದೆ, ಅದರಿಂದ ಭಯ ಇನ್ನಷ್ಟು. ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಈ ಸುತ್ತನ್ನು ಗುರುತಿಸಿದ. ಭಯ ಹೋದರೆ ಹೆರಿಗೆಯಲ್ಲಿ ನೋವೇ ಇರುವುದಿಲ್ಲ ಎಂಬಷ್ಟು ದೂರ ಹೋದದ್ದು ಅವನ ಅತಿ. ಅದನ್ನು ನಂಬಿ, ನೋವು ಬಂದಾಗ ತಾನೇ ಏನೋ ತಪ್ಪು ಮಾಡಿದೆ ಎಂದು ಕೊರಗಿದ ಹೆಂಗಸರಿದ್ದಾರೆ. ಭಯವಿಲ್ಲದಿದ್ದರೂ ನೋವಾಗುತ್ತದೆ, ಭಯವಿದ್ದರೆ ಹೆಚ್ಚಾಗುತ್ತದೆ. ಅಷ್ಟು ತಿಳಿದರೆ ಸಾಕು.

ಕೈಯಿಂದ ಮಾಡಬಹುದಾದದ್ದು ಬಹಳವಿದೆ. ಬೇನೆ ಏರುವಾಗ ಅಂಗೈಯ ಬುಡವನ್ನು ಬೆನ್ನಿನ ತಳದ ಚಪ್ಪಟೆ ಮೂಳೆಯ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಇಳಿಯುವವರೆಗೆ ಬಿಡಬಾರದು. ಮಗು ತಾಯಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಬೆನ್ನು ಸಿಡಿಯುವ ಹೆಂಗಸರಿಗೆ ಇದರಷ್ಟು ಹಿತ ಬೇರೆ ಇಲ್ಲ. ಬೆಚ್ಚಗಿನ ನೀರಿನ ಚೀಲ ಸೊಂಟಕ್ಕೆ ಇಡಬಹುದು. ಮಲಗೇ ಇರಬೇಕಾಗಿಲ್ಲ. ನಡೆಯಬಹುದು, ಗೋಡೆಗೆ ಕೈ ಕೊಟ್ಟು ಬಾಗಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಸುಸ್ತಾದರೆ ಎಡಮಗ್ಗುಲಿಗೆ ಹೊರಳಬಹುದು. ಮೂತ್ರ ಕಟ್ಟಿಕೊಳ್ಳಬಾರದು. ತೊಂದರೆಯಿಲ್ಲದ ಹೆರಿಗೆಯಾದರೆ ಎಳನೀರು, ಮಜ್ಜಿಗೆ, ತೆಳು ಗಂಜಿ ಕುಡಿಯಲು ಅಡ್ಡಿಯಿಲ್ಲ, ವೈದ್ಯರು ಬೇಡವೆಂದಿದ್ದರೆ ಮಾತ್ರ ಬೇಡ. ಉಸಿರನ್ನು ಮೂಗಿನಿಂದ ಎಳೆದು ಬಾಯಿಂದ ಉದ್ದಕ್ಕೆ ಬಿಡಬೇಕು, ಬಿಡುವುದು ಎಳೆದದ್ದಕ್ಕಿಂತ ದೀರ್ಘವಾಗಿರಲಿ. ದನಿ ಬಂದರೆ ಬರಲಿ. ಗಂಟಲು ಹರಿಯುವ ಕಿರುಚಾಟ ಸುಸ್ತು ಮಾಡುತ್ತದೆ, ಹೊಟ್ಟೆಯಾಳದಿಂದ ಬರುವ ನರಳಿಕೆ ಸುಸ್ತು ಮಾಡುವುದಿಲ್ಲ. ದೇವರ ಹೆಸರೋ, ಹಾಡಿನ ಸಾಲೋ, ಅವ್ವ ಎಂಬ ಕೂಗೋ, ಒಂದನ್ನೇ ಹಿಡಿದು ದಾಟಿದವರು ಎಷ್ಟೋ ಮಂದಿ.

ಆದರೆ ಒತ್ತಲು ಕೈ ಬೇಕಲ್ಲ, ಆ ಕೈ ಯಾರದು? 1980ರಲ್ಲಿ ಗ್ವಾಟೆಮಾಲದಿಂದ ಒಂದು ಸಣ್ಣ ಅಧ್ಯಯನ ಪ್ರಕಟವಾಯಿತು. ಅಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದವರು ಒಂಟಿಯಾಗಿಯೇ ನೋವು ತಿನ್ನಬೇಕಿತ್ತು. ಕೆಲವರ ಪಕ್ಕದಲ್ಲಿ ಮಾತ್ರ ಒಬ್ಬ ಹೆಂಗಸನ್ನು ಕೂರಿಸಿದರು. ಪರಿಚಯದವಳಲ್ಲ, ವೈದ್ಯಕೀಯ ತಿಳಿದವಳೂ ಅಲ್ಲ. ಬೆನ್ನು ನೀವುವುದು, ಕೈ ಹಿಡಿಯುವುದು, ಮಾತಾಡುವುದು, ಇಷ್ಟೇ ಅವಳ ಕೆಲಸ. ತೊಂದರೆಯಿಲ್ಲದ ಹೆರಿಗೆಗಳನ್ನು ಹೋಲಿಸಿ ನೋಡಿದಾಗ, ಒಂಟಿ ಹೆಂಗಸರಿಗೆ ಆಸ್ಪತ್ರೆಗೆ ಸೇರಿದ ಮೇಲೆ ಸರಾಸರಿ 19 ಗಂಟೆ ಹಿಡಿದಿತ್ತು, ಜೊತೆಗಾತಿ ಇದ್ದವರಿಗೆ 9 ಗಂಟೆಯೂ ಇಲ್ಲ. ಆಮೇಲೆ 17 ದೇಶಗಳಲ್ಲಿ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟು ಹಾಕಿ 2017ರಲ್ಲಿ ನೋಡಿದಾಗಲೂ, ಅಂತರ ಅಷ್ಟು ದೊಡ್ಡದಿರದಿದ್ದರೂ, ದಿಕ್ಕು ಅದೇ. ಬಿಡದೆ ಜೊತೆಗಿರುವವರಿದ್ದರೆ ಹೆರಿಗೆ ಬೇಗ, ಸಿಸೇರಿಯನ್ ಕಡಿಮೆ, ನೋವಿನ ಔಷಧ ಕಡಿಮೆ, ಆಮೇಲೆ ಉಳಿಯುವ ಕಹಿಯೂ ಕಡಿಮೆ.

ನಮ್ಮ ಸೂಲಗಿತ್ತಿಯರಿಗೆ ಇದು ಗೊತ್ತಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ತಮ್ಮ ಅಜ್ಜಿಯಿಂದ ಕೆಲಸ ಕಲಿತು, ಒಂದು ಕಾಸೂ ತೆಗೆದುಕೊಳ್ಳದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ರಕ್ತ ಹೋಗಿ, ನಂಜಾಗಿ, ಮಗು ಅಡ್ಡ ಸಿಕ್ಕಿ ಮನೆಯಲ್ಲೇ ಸತ್ತವರ ಲೆಕ್ಕ ಇಟ್ಟವರಿಲ್ಲ. 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ನೂರಕ್ಕೆ 39ರಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 89ರ ಹತ್ತಿರ, ಕರ್ನಾಟಕದಲ್ಲಿ 97. ಇದು ನಮ್ಮ ಕಣ್ಣೆದುರೇ ಆದ ದೊಡ್ಡ ಒಳಿತು. ಹೆರಿಗೆ ಆಸ್ಪತ್ರೆಗೆ ಬಂತು, ಸರಿಯಾಗಿಯೇ ಬಂತು. ಬರುವಾಗ ಬೆನ್ನು ಒತ್ತುವವಳನ್ನು ಬಾಗಿಲ ಹೊರಗೆ ನಿಲ್ಲಿಸಿ ಬಂತು. ಒಳಗೆ ಒಬ್ಬ ನರ್ಸಿಗೆ ಐದಾರು ಮಂಚ. ಅವಳಿಗೆ ಮನಸ್ಸಿದ್ದರೂ ಯಾರ ಕೈ ಹಿಡಿದು ಕೂರಲಾಗುತ್ತದೆ?

ಆ ಒಂಟಿತನದ ಮೇಲೆ ಮಾತಿನ ಪೆಟ್ಟು ಬೇರೆ. 'ಗಂಡನ ಹತ್ತಿರ ಹೋಗುವಾಗ ಗೊತ್ತಾಗಲಿಲ್ವಾ?' 'ನಿನ್ನೊಬ್ಬಳಿಗೇನಾ ನೋವು? ಬಾಯಿ ಮುಚ್ಚು.' ಈ ಮಾತುಗಳನ್ನು ನಾನು ಕೆಲಸ ಮಾಡಿದ ಕಡೆ ಕೇಳಿದ್ದೇನೆ, ತೊಡೆಯ ಮೇಲೆ ಏಟು ಬಿದ್ದದ್ದನ್ನೂ ನೋಡಿದ್ದೇನೆ. ಬಡವರ ಮನೆಯ ಹುಡುಗಿಗೆ, ಮೂರನೆಯದೂ ಹೆಣ್ಣೇ ಎಂಬ ಭಯದಲ್ಲಿರುವವಳಿಗೆ ಅದು ಹೆಚ್ಚು ಬೀಳುತ್ತದೆ. ಕೆಲಸದ ಒತ್ತಡ ಎಷ್ಟೇ ಇರಲಿ, ಇದಕ್ಕೆ ಸಮರ್ಥನೆಯಿಲ್ಲ. ಕೆಟ್ಟ ಅನುಭವ ನೆನಪಿನಲ್ಲೂ ಉಳಿಯುತ್ತದೆ. ಸ್ವೀಡನ್ನಿನಲ್ಲಿ ಹೆರಿಗೆಯಾದ ಐದು ವರ್ಷದ ಮೇಲೆ ನೋವಿನ ಬಗ್ಗೆ ಹೆಂಗಸರನ್ನು ಮತ್ತೆ ಕೇಳಿದರು. ಅರ್ಧದಷ್ಟು ಮಂದಿಯ ನೆನಪಿನಲ್ಲಿ ನೋವು ಹಗುರವಾಗಿತ್ತು. ಹೆರಿಗೆ ಒಟ್ಟಾರೆ ಕೆಟ್ಟ ಅನುಭವವಾಗಿದ್ದವರ ನೆನಪಿನಲ್ಲಿ ಮಾತ್ರ ಅದು ಹಾಗೇ ಉಳಿದಿತ್ತು. 'ಮಗುವಿನ ಮುಖ ನೋಡಿದರೆ ಎಲ್ಲ ಮರೆಯುತ್ತೆ' ಅನ್ನುವವರು ಇದನ್ನು ಗಮನಿಸಬೇಕು.

ಇನ್ನು ಔಷಧದ ಮಾತು. ನೋವು ತಡೆಯುವ ಮದ್ದು ಕೇಳುವುದು ಹೇಡಿತನ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಮೊದಲು ಈಥರ್, ಆಮೇಲೆ ಕ್ಲೋರೋಫಾರ್ಮ್ ಬಳಸಿದಾಗಲೂ ಆಕ್ಷೇಪ ಬಂದಿತ್ತು. 1853ರಲ್ಲಿ ವಿಕ್ಟೋರಿಯಾ ರಾಣಿಯ ಎಂಟನೆಯ ಹೆರಿಗೆಗೆ ಜಾನ್ ಸ್ನೋ ಎಂಬ ವೈದ್ಯ ಕರವಸ್ತ್ರದ ಮೇಲೆ ಕ್ಲೋರೋಫಾರ್ಮ್ ಹನಿಸಿ ಮೂಸಲು ಕೊಟ್ಟ ಮೇಲೆ ಆಕ್ಷೇಪದ ದನಿ ತಗ್ಗಿತು. ಕ್ಲೋರೋಫಾರ್ಮಿನ ಕಾಲ ಹೋಯಿತು. ಈಗಿನ ಒಳ್ಳೆಯ ಉಪಾಯ ಎಪಿಡ್ಯೂರಲ್. ಬೆನ್ನೆಲುಬಿನ ಸಂದಿಯಲ್ಲಿ ಕೂದಲೆಳೆಯಂಥ ಕೊಳವೆ ಇಟ್ಟು ಸ್ವಲ್ಪ ಸ್ವಲ್ಪವೇ ಔಷಧ ಬಿಡುತ್ತಾರೆ. ಹತ್ತಿಪ್ಪತ್ತು ನಿಮಿಷದಲ್ಲಿ ನೋವು ಇಳಿಯುತ್ತದೆ, ಎಚ್ಚರ ಹಾಗೇ ಇರುತ್ತದೆ. ರಕ್ತದೊತ್ತಡ ಇಳಿಯಬಹುದು, ಮೈ ಕೆರೆಯಬಹುದು, ಜ್ವರ ಬರಬಹುದು, ಮುಕ್ಕುವ ಹೊತ್ತು ಉದ್ದವಾಗಬಹುದು, ನೂರಕ್ಕೊಬ್ಬರಿಗೆ ಆಮೇಲೆ ಬಿರುಸಾದ ತಲೆನೋವು. ಎಪಿಡ್ಯೂರಲ್‌ನಿಂದ ಸಿಸೇರಿಯನ್ ಹೆಚ್ಚಾಗುವುದಿಲ್ಲ, ಜೀವನಪೂರ್ತಿ ಬೆನ್ನುನೋವು ಉಳಿಯುತ್ತದೆಂಬುದಕ್ಕೂ ಆಧಾರವಿಲ್ಲ. ಆದರೆ ಅದಕ್ಕೆ ಅರಿವಳಿಕೆ ತಜ್ಞರು ಹತ್ತಿರವೇ ಇರಬೇಕು. ಹೀಗಾಗಿ ಅದು ಹೆಚ್ಚಾಗಿ ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಉಳಿದಿದೆ. ತಾಲ್ಲೂಕು ಆಸ್ಪತ್ರೆಯ ಹೆಣ್ಣಿಗೆ ಸಿಗುವುದು, ಸಿಕ್ಕರೆ, ಸೊಂಟಕ್ಕೊಂದು ಇಂಜೆಕ್ಷನ್. ನೋವು ಇಬ್ಬರಿಗೂ ಒಂದೇ ಆಗಿರುವಾಗ ಇದು ಅನ್ಯಾಯ. ಬೇನೆ ಜೋರು ಮಾಡಲೆಂದು ಡ್ರಿಪ್ ಹಾಕಿದಾಗಲಂತೂ ನೋವು ಇನ್ನೂ ಬಿರುಸು, ಡ್ರಿಪ್ ಏರಿಸುವವರು ನೋವಿಗೂ ಏನಾದರೂ ಮಾಡಲೇಬೇಕು.

ನೋವಿಗೆ ಹೆದರಿ ಆಪರೇಷನ್ ಕೇಳುವವರೂ ಹೆಚ್ಚುತ್ತಿದ್ದಾರೆ. ಜೀವ ಉಳಿಸುವ ಆಪರೇಷನ್ ಅದು, ಬೇಕಾದಾಗ ಬೇಕೇ ಬೇಕು. ಆದರೆ ಅದರಲ್ಲಿ ನೋವಿಲ್ಲವೆಂದಲ್ಲ. ನೋವು ಆಮೇಲೆ ಬರುತ್ತದೆ, ಮಗುವನ್ನು ಎತ್ತಿಕೊಳ್ಳಬೇಕಾದ ದಿನಗಳಲ್ಲೇ.

ಹೆರಿಗೆಯಾದ ಮೇಲಿನ ನೋವನ್ನೂ ಯಾರೂ ಹೇಳುವುದಿಲ್ಲ. ಮಗು ಮೊಲೆಗೆ ಬಾಯಿಟ್ಟೊಡನೆ ಹೊಟ್ಟೆ ಮತ್ತೆ ಹಿಂಡುತ್ತದೆ. ಗರ್ಭಕೋಶ ಕುಗ್ಗಿ ರಕ್ತ ನಿಲ್ಲಿಸುವ ಕೆಲಸ ಅದು. ಚೊಚ್ಚಲಿಗಿಂತ ಎರಡನೆಯ, ಮೂರನೆಯ ಬಾಣಂತಿಗೆ ಹೆಚ್ಚು. ಎರಡು ಮೂರು ದಿನದಲ್ಲಿ ತಗ್ಗುತ್ತದೆ. ಹಾಲೂಡುವ ತಾಯಿ ತೆಗೆದುಕೊಳ್ಳಬಹುದಾದ ಸರಳ ಮಾತ್ರೆಗಳಿವೆ, ವೈದ್ಯರನ್ನು ಕೇಳಿ ಪಡೆಯಿರಿ.

ಬೇನೆಗೆ ಬಿಡುವಿದೆ ಎಂದೆನಲ್ಲ. ಬಿಡುವೇ ಇಲ್ಲದೆ ಹೊಟ್ಟೆ ಒಂದೇ ಸಮ ಗಟ್ಟಿಯಾಗಿದ್ದರೆ, ರಕ್ತ ಹೋದರೆ, ಒಡೆದ ನೀರು ಹಸಿರಾಗಿದ್ದರೆ, ಮಗು ಮಿಸುಕಾಡುವುದು ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ತಿಂಗಳು ತುಂಬುವ ಮೊದಲೇ ಬೇನೆ ಬಂದರೆ ಕಾಯಬೇಡಿ, ಕಷಾಯ ಕಾಯಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಅದೇನೂ ಇಲ್ಲದ ಚೊಚ್ಚಲಿನಲ್ಲಿ, ಐದು ನಿಮಿಷಕ್ಕೊಂದು ಬೇನೆ, ಒಂದೊಂದೂ ಹೆಚ್ಚುಕಡಿಮೆ ನಿಮಿಷದಷ್ಟು, ಹೀಗೆ ಒಂದು ಗಂಟೆ ನಡೆದರೆ ಹೊರಡುವ ಹೊತ್ತು. ಆಸ್ಪತ್ರೆ ದೂರವಿದ್ದರೆ, ಇದು ಎರಡನೆಯ ಹೆರಿಗೆಯಾಗಿದ್ದರೆ, ಇನ್ನೂ ಮುಂಚೆ.

ಎಂಟನೆಯ ತಿಂಗಳ ತಪಾಸಣೆಗೆ ಹೋದಾಗಲೇ ಒಂದು ಮಾತು ಕೇಳಿಟ್ಟುಕೊಳ್ಳಿ: 'ಹೆರಿಗೆ ಕೋಣೆಗೆ ಇವಳ ಜೊತೆ ಒಬ್ಬರನ್ನು ಬಿಡುತ್ತೀರಾ?' ಸರ್ಕಾರಿ ಆಸ್ಪತ್ರೆಗಳಲ್ಲಿ ಹೀಗೆ ಒಬ್ಬರು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಮನೆಯ ಹೆಂಗಸಾಗಿರಬೇಕು, ತಾನೂ ಹೆತ್ತವಳಾದರೆ ಒಳ್ಳೆಯದು. ಅಂಟುರೋಗ ಇರಬಾರದು, ಶುಚಿಯಾದ ಬಟ್ಟೆ ಉಟ್ಟಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು, ಕೊನೆಯವರೆಗೂ ಬಿಟ್ಟು ಹೋಗಬಾರದು. ಮರೆ ಇರುವ ಕಡೆ ಗಂಡನೂ ಇರಬಹುದು. ಇಲ್ಲ ಅಂದರೆ ಯಾಕೆ ಎಂದು ಮರ್ಯಾದೆಯಿಂದಲೇ ಇನ್ನೊಮ್ಮೆ ಕೇಳಿ. ಯಾರು ಹೋಗಬೇಕೆಂಬುದನ್ನು ಮನೆಯ ಹಿರಿಯರು ತೀರ್ಮಾನಿಸುವುದು ಬೇಡ, ಬಸುರಿಯನ್ನೇ ಕೇಳಿ. ಅವಳು ಅಮ್ಮನ ಹೆಸರು ಹೇಳಬಹುದು, ಅತ್ತೆಯದು ಹೇಳಬಹುದು, ಅಕ್ಕನದ್ದೂ ಹೇಳಬಹುದು. ಯಾರ ಹೆಸರು ಹೇಳುತ್ತಾಳೋ ಅವರಿಗೆ ಬೆನ್ನಿನ ಯಾವ ಜಾಗದಲ್ಲಿ, ಎಷ್ಟು ಗಟ್ಟಿಯಾಗಿ ಒತ್ತಬೇಕೆಂದು ಈಗಲೇ ತೋರಿಸಿಕೊಡಿ.